ಅಡಿಗಲ್ಲಿನ ಗುಳಿ

ಸಾಧಿಕ್ ಗಾಜಿನ ಕಪಾಟನ್ನು ಮತ್ತೊಮ್ಮೆ ಒರೆಸಿದ. ಒರೆಸುವಂಥ ಧೂಳೇನೂ ಅಲ್ಲಿರಲಿಲ್ಲ. ಸುಮ್ಮನೆ ಕಾಯುತ್ತ ನಿಲ್ಲಲು ಆಗುತ್ತಿರಲಿಲ್ಲ, ಅಷ್ಟೇ.

"ಗಾಜು ಸವದು ಹೋದೀತು ಬಿಡಲೇ," ಎಂದು ಲೇಥ್ ಮಶೀನಿನ ಹಿಂದಿನಿಂದ ಸರ್ಫರಾಜ್ ಕೂಗಿದ. ಅಂಗಡಿ ಅವನದು, ಸಾಧಿಕ್ ಅಲ್ಲಿ ಟರ್ನರ್. "ಮಂದಿ ಹುಡುಗಿಗೆ ಮಲ್ಲಿಗಿ ತರ್ತಾರ. ನೀ ಕಬ್ಬಿಣ ಒರಸ್ಕೋತ ನಿಂತೀದಿ."

"ಆಕಿಗೆ ಮಲ್ಲಿಗಿ ಸೇರಂಗಿಲ್ಲ."

"ಕಬ್ಬಿಣ ಸೇರತೈತೇನು?"

ಅದೇ ಇವತ್ತು ತಿಳಿಯಬೇಕಿತ್ತು.

ಅಣ್ಣಿಗೇರಿಯಲ್ಲಿ ಅಂದು ಸಂತೆ. ಹೋಗಿಬರುವವರೆಲ್ಲ ಕಪಾಟಿನ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದರು. ಕಮ್ಮಾರ ಕಾದ ಕಬ್ಬಿಣವಿಟ್ಟು ಬಡಿಯುವ ಉಕ್ಕಿನ ಅಡಿಗಲ್ಲನ್ನು ಕಾಣದವರಿಲ್ಲ. ಆದರೆ ಅಂಗೈಯಲ್ಲಿ ಕೂರುವಂಥ, ಉಂಗುರದ ಡಬ್ಬಿಯಲ್ಲಿ ಮಲಗುವಂಥ ಅಡಿಗಲ್ಲುಗಳನ್ನು ಹೀಗೆ ಸಾಲಾಗಿ ಕಂಡವರಿರಲಿಲ್ಲ. ಪತ್ತಾರರು ಮೂಗುತಿ ತಟ್ಟುತ್ತಿದ್ದದ್ದು, ಗಡಿಯಾರ ರಿಪೇರಿಯವನದು, ಹೊಲದಲ್ಲಿ ಕುಡುಗೋಲಿನ ಬಾಯಿ ಹಣಿದು ಹರಿತ ಮಾಡುತ್ತಿದ್ದದ್ದು, ಹುಣಸೆ ಬೀಜದಷ್ಟಿದ್ದು ಯಾವ ಕೆಲಸಕ್ಕೂ ಬಾರದೆ ಬರೀ ಚೆಂದಕ್ಕೆ ಹುಟ್ಟಿದ್ದು. ಗುಜರಿ ಅಂಗಡಿಗಳನ್ನು ತಡಕಿ ತಡಕಿ ಅವನು ಕೂಡಿಸಿದ ಬಳಗ ಅದು.

ನಡುವಿನ ಹಂತದಲ್ಲಿ, ಕೆಂಪು ಮಖಮಲ್ಲಿನ ಮೇಲೆ, ರೂಬಿನಾಳ ತಂದೆಯ ಅಡಿಗಲ್ಲು.

ಅಬ್ದುಲ್‌ಸಾಬರು ಎತ್ತುಗಳ ಗೊರಸಿಗೆ ನಾಲು, ಅಂದರೆ ಲಾಳ, ಬಡಿಯುವವರು. ಆ ಮುಷ್ಟಿಗಾತ್ರದ ಅಡಿಗಲ್ಲನ್ನು ಚೀಲದಲ್ಲಿ ಹಾಕಿಕೊಂಡು ಊರೂರು ತಿರುಗಿದವರು. ಹೋದ ವರ್ಷ ತೀರಿಕೊಂಡರು. ಮದುವೆಯಾಗುತ್ತೀರಾ ಎಂದು ಸಾಧಿಕ್ ಕೇಳಿದಾಗ ರೂಬಿನಾ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಮರುದಿನ ಓಢಣಿಯ ಸೆರಗಿನಲ್ಲಿ ಸುತ್ತಿದ ಅಡಿಗಲ್ಲನ್ನು ತಂದು ಅವನ ಕೈಯಲ್ಲಿಟ್ಟಳು. "ನಿಮ್ಮ ಕಪಾಟಿನ್ಯಾಗ ಇಡ್ರಿ. ಸಂತಿ ದಿನ ಬಂದು ನೋಡತೇನಿ. ನೋಡಿ ಹೇಳತೇನಿ."

ನವಲಗುಂದದ ಒಂದು ಮನೆಯವರೂ ಅವಳನ್ನು ಮದುವೆಗೆ ಕೇಳಿದ್ದರು. ಅವರಿಗೆ ಇವತ್ತು ಸಂಜೆಯ ನಮಾಜಿನೊಳಗೆ ಉತ್ತರ ತಿಳಿಸುವುದಾಗಿ ಅವಳ ತಾಯಿ ಜುಲೇಖಾಬಿ ಮಾತು ಕೊಟ್ಟಿದ್ದರು.

ಬಿಸಿಲು ಓರೆಯಾಗುವ ಹೊತ್ತಿಗೆ ಅವಳು ಬಂದಳು. ಕಣ್ಣಂಚಿನಲ್ಲಿ ಅವನನ್ನು ನೋಡಿ, ನೋಡಲಿಲ್ಲವೆಂಬಂತೆ ಗಾಜಿನ ಕಡೆ ತಿರುಗಿದಳು. ತುಟಿಯ ಮೂಲೆಯಲ್ಲಿ ಇನ್ನೂ ಬಿಚ್ಚದ ಒಂದು ನಗುವಿತ್ತು.

"ನಮ್ಮದೆಲ್ಲೈತಿ?"

"ನಡುವs ಐತಲ್ರಿ."

ಆ ನಗು ಅಲ್ಲೇ ನಿಂತಿತು. ಹೊಸ ಸ್ಟೀಲ್ ಲೋಟದಂತೆ ಹೊಳೆಯುತ್ತಿದ್ದ ಅಡಿಗಲ್ಲನ್ನು ಅವಳು ಎತ್ತಿಕೊಂಡಳು. ಹೆಬ್ಬೆರಳು ಅದರ ಮೈಮೇಲೆ ಎಡಕ್ಕೆ ಸರಿಯಿತು, ಬಲಕ್ಕೆ ಸರಿಯಿತು, ಕಣ್ಣು ಕಾಣದವರು ಗೋಡೆ ತಡವಿದಂತೆ ಮತ್ತೆ ಎಡಕ್ಕೆ ಬಂತು.

"ಇಲ್ಲೊಂದು ಗುಳಿ ಇತ್ತು."

"ಹೌದ್ರಿ! ತುಕ್ಕು, ತಗ್ಗು ಎಲ್ಲಾ ಇತ್ತು. ಗ್ರೈಂಡರಿಗೆ ಹಚ್ಚಿ, ಬಫ್ ಪಾಲಿಶ್ ಹೊಡೆದು…" ಅವನ ಹೆಮ್ಮೆ ಅರ್ಧಕ್ಕೇ ತಡವರಿಸಿತು. ಅವಳ ಮುಖ ಬಿಳಿಚಿತ್ತು.

"ಅಬ್ಬಾ ಎಡಗೈಯಾಂವ. ಹುಡುಗ ಇದ್ದಾಗಿಂದ ಒಂದs ಜಾಗಾದಾಗ ಏಟು ಹಾಕಿ ಹಾಕಿ ಆ ಗುಳಿ ಬಿದ್ದಿತ್ತು. ಅಂವಾ ಹೋದಮ್ಯಾಲ ದಿನಾ ಮಲಗೂಮುಂದ ಅದರಾಗ ನನ್ನ ಬೆರಳ ಇಡ್ತಿದ್ದೆ." ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ನಮ್ಮಪ್ಪನ್ನ ಒರಸಿಬಿಟ್ಟೀರಿ."

ಸಾಧಿಕ್ ಒರೆಸುವ ಬಟ್ಟೆಯನ್ನು ಕೆಳಗಿಟ್ಟ. ತಿಳಿಯದೆ ಮಾಡಿದೆ ಎನ್ನಬಹುದಿತ್ತು. ಪ್ರೀತಿಗೆ ಮಾಡಿದೆ ಎನ್ನಬಹುದಿತ್ತು. ಎರಡೂ ನಿಜ; ಎರಡೂ ಆ ಗುಳಿಯನ್ನು ತುಂಬುವಂಥವಲ್ಲ.

"ನವಲಗುಂದದವರಿಗೆ ಏನ್ ಹೇಳೂದು ಅಂತ ಅಮ್ಮಿ ಕೇಳಾಕತ್ತಿದ್ಲು," ಅವಳು ಅಡಿಗಲ್ಲನ್ನು ಓಢಣಿಯಲ್ಲಿ ಸುತ್ತಿದಳು. "ಈಗ ಸರಳ ಆತು."

ಅವಳು ಮೆಟ್ಟಿಲಿಳಿಯುವಷ್ಟರಲ್ಲಿ ದಾರಿಗಡ್ಡವಾಗಿ ಕುಂಟುತ್ತಿದ್ದ ಒಂದು ಬಿಳಿ ಎತ್ತು ನಿಂತಿತು. ಅದರ ಹಗ್ಗ ಹಿಡಿದು ಶಲವಡಿಯ ರೈತ ಈರಪ್ಪ ಏದುಸಿರು ಬಿಡುತ್ತಿದ್ದ.

"ಇಲ್ಲಿದ್ದೀಯವಾ? ಮನಿಗೆ ಹೋಗಿದ್ದೆ, ನಿಮ್ಮವ್ವ ಇಲ್ಲೀ ದಾರಿ ತೋರಿಸಿದ್ಲು. ಮುಂಗಾಲಿನ ನಾಲು ಕಳಚೇತಿ. ಡಾಂಬರದಾಗ ನಡದು ಗೊರಸು ಬಿರದೈತಿ ನೋಡು. ಸಂತ್ಯಾಗ ನಾಲು ಸಿಕ್ಕಾವು, ಬಡಿಯಾಂವ ಸಿಗವಲ್ಲ."

"ಅಬ್ಬಾ ಹೋದಮ್ಯಾಲ ನಾ ಸುತ್ತಿಗಿ ಮುಟ್ಟಿಲ್ಲ ಕಾಕಾ."

"ಅಂವಾ ಕಲಿಸಿದ್ದು ಯಾರ ಸಲುವಾಗಿ ಇಟ್ಕೊಂಡೀ ಮತ್ತ? ಈ ಎತ್ತೇನು ಬಾಯಿಬಿಟ್ಟು ಕೇಳತೈತೇನು?"

ಗೊರಸಿನ ಸೀಳಿನಲ್ಲಿ ರಕ್ತವಿತ್ತು. ರೂಬಿನಾ ಅದನ್ನು ನೋಡಿದಳು. ಅಡಿಗಲ್ಲನ್ನು ಕೆಳಗಿಟ್ಟು ಓಢಣಿಯನ್ನು ಸೊಂಟಕ್ಕೆ ಬಿಗಿದಳು.

ಅಂಗಡಿಯ ಸುತ್ತಿಗೆ, ಈರಪ್ಪ ತಂದ ನಾಲು-ಮೊಳೆ ಪಕ್ಕಕ್ಕಿಟ್ಟು, ಹಗ್ಗ ಹಾಕಿ ಎತ್ತನ್ನು ಮಗ್ಗುಲಿಗೆ ಕೆಡವಿದರು. "ತಲಿ ಹಿಡೀರಿ," ಎಂದಳು, ಯಾರೆಂದು ಹೇಳದೆ. ಸಾಧಿಕ್ ಮಣ್ಣಿನಲ್ಲಿ ಮೊಣಕಾಲೂರಿ ಕೊಂಬು ಹಿಡಿದ. ಎತ್ತಿನ ಬಿಸಿಯುಸಿರು ಅವನ ಮುಖಕ್ಕೆ ಬಡಿಯುತ್ತಿತ್ತು.

ಅವಳು ನಾಲನ್ನು ತಂದೆಯ ಅಡಿಗಲ್ಲಿನ ಮೇಲಿಟ್ಟು ಬಡಿದಳು. ನಾಲು ಚಪ್ಪಟೆಯಾಗಿಯೇ ಉಳಿಯಿತು. ಮತ್ತೆ ಬಡಿದಳು. ಜಾರಿತು.

"ಗುಳ್ಯಾಗ ಇಟ್ಟು ಹೊಡದ್ರ ಬಾಗು ಬರ್ತಿತ್ತು," ತನಗೇ ಹೇಳಿಕೊಂಡಂತೆ ಅಂದಳು. ಬೈದಿದ್ದರೂ ಸಾಧಿಕನಿಗೆ ಅಷ್ಟು ನೋಯುತ್ತಿರಲಿಲ್ಲ. ಎತ್ತು ಒದರಿ ಕಾಲು ಜಾಡಿಸಿತು. ಇನ್ನೊಮ್ಮೆ ಜಾಡಿಸಿದರೆ ಸೀಳು ಮೇಲಕ್ಕೇರುತ್ತಿತ್ತು.

"ಸರ್ಫರಾಜ್, ಬಾ, ತಲಿ ಹಿಡಿ!"

ಸಾಧಿಕ್ ಕಪಾಟಿಗೆ ಓಡಿದ. ಮೇಲಿನ ಹಂತದಿಂದ, ಹಳೆಯ ಕಾರ್ಖಾನೆಯೊಂದು ಗಿರಾಕಿಗಳಿಗೆ ತೋರಿಸಲೆಂದೇ ಮಾಡಿದ್ದ ಅಂಗೈಯಗಲದ ಅಡಿಗಲ್ಲನ್ನು ತಂದು ಅವಳ ಮುಂದಿಟ್ಟ. ಅದರ ಮುಂಭಾಗ ಕೊಂಬಿನಂತೆ ಚೂಪಾಗಿ ದುಂಡಗಿತ್ತು.

"ಲೇ ಹುಚ್ಚಾ!" ಸರ್ಫರಾಜ್ ಎತ್ತಿನ ತಲೆ ಬಿಡುವಷ್ಟು ಬೆಚ್ಚಿದ. "ಹುಟ್ಟಿದಾಗಿಂದ ಅದಕ್ಕ ಒಂದ ಏಟೂ ಬಿದ್ದಿಲ್ಲ ಅಂತ ಊರತುಂಬ ಕುಣದಾಡಿದ್ದಿ! ಒಂದ ಏಟು ಬಿದ್ದರ ಅದು ಗುಜರಿ!"

ರೂಬಿನಾ ತಲೆಯೆತ್ತಿದಳು. ಬಂದಾಗಿನಿಂದ ಮೊದಲ ಸಲ ನೇರವಾಗಿ ಅವನ ಕಣ್ಣೊಳಗೆ ನೋಡಿದಳು.

"ಇದಕ್ಕ ಏಟಿನ ಕಲಿ ಬೀಳತೈತಿ."

"ಬೀಳಲಿ."

"ಮತ್ತ ಗ್ರೈಂಡರಿಗೆ ಹಚ್ಚತೀರೇನು?"

"ಇಲ್ರಿ. ಇನ್ನ ಯಾವುದನ್ನೂ ಇಲ್ಲ."

"ಬಿಸ್ಮಿಲ್ಲಾ," ಎಂದು ಅವಳು ಸುತ್ತಿಗೆ ಎತ್ತಿದಳು. ಏಟು ಬಿತ್ತು. ಅವನ ಕಣ್ಣು ಅಡಿಗಲ್ಲಿನತ್ತ ಹೋಗಲಿಲ್ಲ. ಅವಳ ಹಣೆಯ ಬೆವರು, ಕೆನ್ನೆಗಂಟಿದ ಕೂದಲು, ಕಚ್ಚಿಹಿಡಿದ ಕೆಳತುಟಿ ಬಿಟ್ಟು ಅದಕ್ಕೆ ಬೇರೇನೂ ಕಾಣುತ್ತಿರಲಿಲ್ಲ. ಅವಳಿಗದು ತಿಳಿಯಿತು. ತಿಳಿದು, ಮುಂದಿನ ಏಟನ್ನು ಬೇಕಿದ್ದಕ್ಕಿಂತ ತುಸು ಜೋರಾಗಿಯೇ ಹಾಕಿದಳು.

ನಾಲು ಬಾಗಿತು. ಗೊರಸಿಗೆ ಕೂತಿತು. ಮೊಳೆಗಳು ಇಳಿದವು.

ಎತ್ತು ಎದ್ದು ನಿಂತು, ಅನುಮಾನಿಸಿ ಒಂದು ಹೆಜ್ಜೆಯಿಟ್ಟಿತು, ಆಮೇಲೆ ಅನುಮಾನಿಸಲಿಲ್ಲ. "ಶಿವಾ, ಈ ಕೈ ತಣ್ಣಗಿರಲಿ," ಎಂದು ಈರಪ್ಪ ಅದರ ಬೆನ್ನು ಚಪ್ಪರಿಸುತ್ತ ಹೊರಟ. ಸರ್ಫರಾಜ್ ಇಬ್ಬರ ಮುಖವನ್ನೂ ನೋಡಿ, ಯಾಕೋ ಒಳಗೆ ಬಹಳ ಕೆಲಸವಿದೆ ಎಂದುಕೊಂಡು ಹೋದ.

ಮಸೀದಿಯ ಮೈಕು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವಾಗ ಅವಳ ಫೋನು ರಿಂಗಾಯಿತು. ರೂಬಿನಾ ಪರದೆ ನೋಡಿ ಫೋನನ್ನು ಕಿವಿಗಿಟ್ಟಳು.

"ಅಮ್ಮಿ… ಹೂಂ, ನಾಲು ಬಡದೆ… ಅಳಬ್ಯಾಡ… ನವಲಗುಂದದವರಿಗೇನು? ಬ್ಯಾಡ ಅಂತ ಹೇಳು. ಮರ್ಯಾದಿಲೆ ಹೇಳು."

ಅಜಾನಿನ ದನಿ ಏರಿತು. ಅವಳು ತಲೆಯ ಮೇಲೆ ಓಢಣಿ ಎಳೆದುಕೊಂಡು ಸುಮ್ಮನೆ ನಿಂತಳು, ಅವನೂ ನಿಂತ. ದನಿ ಅಡಗಿದ ಮೇಲೆ ಅವನು ಕೇಳಿದ.

"ಹಂಗಾರ… ಮಾಫ ಮಾಡಿದ್ರೇನು?"

"ಇಲ್ಲ."

"ಮತ್ತ?"

"ಅದು ಇಷ್ಟ ಲಗೂ ಆಗೂದಲ್ಲ. ವರ್ಷಗಟ್ಟಲೆ ಹಿಡೀತೈತಿ." ಅವಳ ಕಣ್ಣು ಒದ್ದೆಯಾಗಿತ್ತು, ತುಟಿ ಮಾತ್ರ ಕಣ್ಣಿನ ಮಾತು ಕೇಳದೆ ನಗುತ್ತಿತ್ತು. "ಅಲ್ಲೀತನಾ ನೀ ದಿನಾ ನನ್ನ ಕಣ್ಣೆದುರಿಗೆ ಇರಬೇಕಾಗತೈತಿ."

"ಎಲ್ಲಿ?" ಎಂದ ಸಾಧಿಕ್, ಪೆದ್ದನಂತೆ.

"ನಾಳೆ ನಿಮ್ಮವ್ವನ್ನ ನಮ್ಮನಿಗೆ ಕರ್ಕೊಂಡು ಬಾ," ಅವಳು ಹೊರಡುತ್ತ ಅಂದಳು. "ಎಲ್ಲಿ ಅಂತ ಆಕಿಗೆ ಹೇಳತೇನಿ. ನಿನಗ ತಿಳಿಯೂದು ತಡ."