ಕತೆಗಾರ್ತಿಗೆ ಎದುರಾಡಿದ ವೀರ

ಬಹಳ ಹಿಂದೆ, ಕುದುರೆಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹೊಂಬೆಟ್ಟವೆಂಬ ರಾಜ್ಯವಿತ್ತು. ಅಲ್ಲಿ ಯಾರಾದರೂ ಕತೆ ಹೇಳಿದರೆ ಕತೆಯೊಳಗಿನ ಜನ ಎದ್ದು ಬಂದು ನಿಜವಾಗಿ ನಡೆದಾಡುತ್ತಿದ್ದರು. ಒಂದೇ ಷರತ್ತು, ಕೇಳುವವರು ಹೂಂಗುಟ್ಟುತ್ತಿರಬೇಕು. ಹೂಂ ನಿಂತರೆ ಅವರೆಲ್ಲ ಹೊಗೆಯಾಗಿ ಕರಗಿಬಿಡುತ್ತಿದ್ದರು.

ಆ ರಾಜ್ಯದ ಕೋಟೆಯನ್ನು ಮರುಳಾಂಕನೆಂಬ ಮಾಂತ್ರಿಕ ಹಿಡಿದುಕೊಂಡ. ಅವನ ಮಂತ್ರ ಬಲು ಸುಲಭದ್ದು. ಎದುರಿಗೆ ಸಿಕ್ಕವರನ್ನು, "ನೀನು ನನ್ನ ಆಳು, ಹೌದು ತಾನೆ?" ಎಂದು ಕೇಳುತ್ತಿದ್ದ. ಹೂಂಗುಟ್ಟಿಯೇ ಬೆಳೆದ ಜನರ ಬಾಯಿ, ಪಾಪ, ತಾನಾಗಿಯೇ "ಹೂಂ" ಎಂದುಬಿಡುತ್ತಿತ್ತು. ಅಂದವರು ನಿಂತಲ್ಲೇ ಕಲ್ಲಾಗುತ್ತಿದ್ದರು. ಕತೆಗಾರ್ತಿ ದುಗ್ಗಳೆಯ ಒಬ್ಬಳೇ ತಂಗಿ ನಾಗಲೆಯೂ ಹಾಗೆಯೇ ಕಲ್ಲಾದಳು.

ತಂಗಿಯನ್ನು ಬಿಡಿಸಲೇಬೇಕೆಂದು ದುಗ್ಗಳೆ ಕೋಟೆಯೆದುರಿನ, ಒಳಗೆಲ್ಲ ಕಾಣುವ ದಿಬ್ಬದ ಮೇಲೆ ಊರವರನ್ನೆಲ್ಲ ಕೂರಿಸಿ, ಕತೆ ಕಟ್ಟಿ, ಒಬ್ಬ ವೀರನನ್ನು ಹುಟ್ಟಿಸಿದಳು. ಹೆಸರು ಸಮರಕೇಸರಿ. ಅವನಿಗೆ ಹೆದರಿಕೆಯಿಲ್ಲ, ತಪ್ಪು ಮಾಡಿ ಗೊತ್ತಿಲ್ಲ, ಎಂಥ ಗಾಳಿಗೂ ಅವನ ಕೂದಲು ಕೆದರುವುದಿಲ್ಲ. ಜೊತೆಗೆ ಮಿಂಚನೆಂಬ ಬಿಳಿ ಕುದುರೆಯನ್ನೂ ಕೊಟ್ಟಳು.

ಮೊದಲ ಬಾಗಿಲಲ್ಲಿ ಬೆಂಕಿಯ ಜಟೆಯ ಸಿಂಹವಿತ್ತು. ವೀರ ನಗುನಗುತ್ತ ಮುಂದೆ ನಡೆದನೆಂದು ದುಗ್ಗಳೆ ಹೇಳಿದಳು. ಜನ ಆಕಳಿಸಿದರು, ಹೂಂ ಕುಂದಿತು, ವೀರನ ಕಾಲು ಮೊಣಕಾಲಿನವರೆಗೂ ಹೊಗೆಯಾಯಿತು. ಮುಂದೆ ಕೂತಿದ್ದ ಮುದುಕಿಯೊಬ್ಬಳು ಗೊಣಗಿದಳು: "ಅವ್ನು ಗೆಲ್ಲೋದು ಗೊತ್ತೇ ಇದೆಯಲ್ಲ ತಾಯಿ, ನಾವ್ಯಾಕೆ ಎಚ್ಚರವಾಗಿರ್ಬೇಕು?"

ದುಗ್ಗಳೆಗೆ ನಾಚಿಕೆಯಾಯಿತು. ಮುದ್ದಿನಿಂದ ಅವನನ್ನು ಕೆಡಿಸಿದ್ದು ತಾನೇ ಎಂದು ತಿಳಿಯಿತು. ಮನಸ್ಸು ಗಟ್ಟಿ ಮಾಡಿ ಅವನೆದೆಗೆ ಭಯವನ್ನು ಹಾಕಿದಳು. ವೀರ ಎದ್ದೆನೋ ಬಿದ್ದೆನೋ ಎಂದು ಓಡಿ ಮರ ಹತ್ತಿದ. ಜನ ನೆಟ್ಟಗೆ ಕೂತು "ಹೂಂ, ಹೂಂ" ಎಂದರು, ಅವನ ಕಾಲು ಮರಳಿ ಬಂತು. ಮರದ ಕೆಳಗೆ ಗುರುಗುಟ್ಟಿ ಗುರುಗುಟ್ಟಿ ಸಿಂಹಕ್ಕೆ ನಿದ್ದೆ ಹತ್ತಿತು. ಅವನು ನಡುಗುತ್ತಲೇ ಇಳಿದು ಕುದುರೆಯೊಡನೆ ಒಳಗೆ ನುಸುಳಿದ.

ಎರಡನೆಯ ಬಾಗಿಲಲ್ಲಿ ಕಂದಕ, ಕಂದಕದಲ್ಲಿ ಮಾತಾಡುವ ಮೊಸಳೆ. ಇಬ್ಬರಲ್ಲಿ ಒಬ್ಬರನ್ನು ಕೊಟ್ಟರೆ ಇನ್ನೊಬ್ಬರನ್ನು ಬಿಡುತ್ತೇನೆಂದು ವೀರನ ಕಿವಿಯಲ್ಲಷ್ಟೇ ಪಿಸುಗುಟ್ಟಿತು. ವೀರ ಹೆದರಿ ಸುಳ್ಳು ಹೇಳಿದ. ಮೊಸಳೆ ನಿದ್ದೆಹೋಗಿದೆ, ನೀನು ಮೊದಲು ಹೋಗೆಂದು ಮಿಂಚನನ್ನು ನೀರಿಗಿಳಿಸಿದ. ಮೊಸಳೆ ಕುದುರೆಯನ್ನು ಎಳೆದೊಯ್ದು ಮಾಂತ್ರಿಕನ ಮುಂದೆ ಎಸೆಯಿತು, ಕುದುರೆಯೂ ಅವನಿಗೆ ಹೂಂ ಎಂದು ಕಲ್ಲಾಯಿತು. ವೀರ ಕಂದಕ ದಾಟಿ ಆಚೆ ದಡದಲ್ಲಿ ಮುಖ ಮುಚ್ಚಿ ಬಿಕ್ಕಿ ಬಿಕ್ಕಿ ಅತ್ತ. ಜನ ಅವನನ್ನು ಬಾಯಿಗೆ ಬಂದಂತೆ ಬೈದರು, ಬೈಯುತ್ತಲೇ ಹೂಂಗುಟ್ಟಿದರು.

ಮೂರನೆಯ ಬಾಗಿಲಿನಾಚೆ ಮರುಳಾಂಕನೇ ಕೂತಿದ್ದ. ಅತ್ತು ಕೆಂಪಾದ ವೀರನ ಕಣ್ಣು ನೋಡಿ ದುಗ್ಗಳೆಯ ಕರುಳು ಚುರ್ರೆಂದಿತು. ತಂಗಿಯನ್ನು ಕಳೆದುಕೊಂಡವಳಿಗೆ ಇವನನ್ನೂ ಕಳೆದುಕೊಳ್ಳುವ ಧೈರ್ಯ ಇರಲಿಲ್ಲ. "ಅವನು ಅಲ್ಲಿಂದಲೇ ಹಿಂದಿರುಗಿದ," ಎಂದು ಹೇಳಿಬಿಟ್ಟಳು. ಯಾರೂ ಹೂಂ ಅನ್ನಲಿಲ್ಲ. ಕೋಟೆಯೊಳಗಿಂದ ಒಂದು ದನಿ ಬಂತು.

"ಊಹೂಂ."

ಹೊಂಬೆಟ್ಟದಲ್ಲಿ ಅಲ್ಲಿಯವರೆಗೆ ಕತೆಗೆ ಯಾರೂ ಹಾಗೆ ಅಂದಿರಲಿಲ್ಲ.

"ಊಹೂಂ ಅಕ್ಕಾ," ಎಂದ ಸಮರಕೇಸರಿ. "ಮಿಂಚನಿಗೆ ಮೋಸ ಮಾಡಿದ್ದು ನಾನು. ಹೆದರಿಕೆ ಇದೆ, ಆದ್ರೂ ಒಳಗೆ ಹೋಗ್ತೀನಿ."

ಹೂಂ ನಿಂತೇ ಹೋಗಿತ್ತು, ಆದರೂ ತನ್ನದೇ ಮಾತಿನ ಮೇಲೆ ನಿಂತ ಅವನು ಕರಗಲಿಲ್ಲ. ತಾನೇ ಬಾಗಿಲು ತಳ್ಳಿದ. ಮರುಳಾಂಕ ಎಂದಿನಂತೆ, "ನೀನು ನನ್ನ ಆಳು, ಹೌದು ತಾನೆ?" ಎಂದ. ವೀರನ ಬಾಯಿಗೂ ಹೂಂ ಬಂದೇಬಿಟ್ಟಿತ್ತು. ಆದರೆ ತನ್ನನ್ನು ಹುಟ್ಟಿಸಿದವಳಿಗೇ ಊಹೂಂ ಅಂದವನಿಗೆ ಇವನು ಯಾವ ಲೆಕ್ಕ? "ಊಹೂಂ," ಎಂದ. ಮಾಂತ್ರಿಕನ ಹಣೆ ಬಿರುಕುಬಿಟ್ಟಿತು. ಮತ್ತೆ ಕೇಳಿದ, ಮತ್ತೆ ಊಹೂಂ, ಎದೆ ಬಿರುಕುಬಿಟ್ಟಿತು. ಮೂರನೆಯ ಊಹೂಂಗೆ ಮರುಳಾಂಕ ಒಣಗಿದ ಮಣ್ಣಿನ ಹೆಂಟೆಯಂತೆ ಪುಡಿಯಾಗಿ ಉದುರಿಹೋದ.

ಕಲ್ಲಾದವರೆಲ್ಲ ಮೈ ಮುರಿದು ಎದ್ದರು. ಮಿಂಚ ಕೆನೆಯಿತು. ವೀರ ಅದರ ಕಾಲು ಹಿಡಿದು ಕ್ಷಮೆ ಕೇಳಿದ, ಅದು ಅವನ ಹೆಗಲಿಗೆ ಮೂತಿ ಉಜ್ಜಿತು. ದುಗ್ಗಳೆ ಓಡಿಬಂದು ತಂಗಿಯನ್ನು ಅಪ್ಪಿಕೊಂಡಳು. ನಾಗಲೆ ಕಣ್ಣುಜ್ಜಿಕೊಂಡು, ವೀರನನ್ನು ತೋರಿಸಿ ಇವನು ಯಾರೆಂದು ಕೇಳಿದಳು. ದುಗ್ಗಳೆ ಹೇಳಹೊರಟು ತಡೆದುಕೊಂಡಳು.

"ಅವನನ್ನೇ ಕೇಳು," ಎಂದಳು.

ಸಮರಕೇಸರಿ ಮೆಟ್ಟಿಲ ಮೇಲೆ ಕೂತು, ತಾನು ಹೆದರಿ ಮರ ಹತ್ತಿದ್ದರಿಂದಲೇ ಕತೆ ಶುರುಮಾಡಿದ. ಊರಿಗೆ ಊರೇ ಸುತ್ತ ಕೂತು ಕೇಳಿತು. ಆಮೇಲೆ ಹೊಂಬೆಟ್ಟದ ಜನ ಬೇಕಾದ್ದಕ್ಕೆ ಹೂಂ ಎಂದು, ಬೇಡದ್ದಕ್ಕೆ ಊಹೂಂ ಎಂದು, ಉಂಡುಟ್ಟು ನೂರು ಕಾಲ ಸುಖವಾಗಿ ಬಾಳಿದರು.