ಬಿಸಿ ಮಾಡಲು ಒಪ್ಪದವಳು

ಕಂಪ್ಲಿಯ ಗದ್ದೆಗಳಲ್ಲಿ ಭತ್ತದ ಕೊಯ್ಲು ಭರದಿಂದ ಸಾಗಿತ್ತು. ಹೊಟ್ಟಿನ ಧೂಳು ಬಸ್‌ಸ್ಟ್ಯಾಂಡ್ ಪಕ್ಕದ ರಿಪೇರಿ ಅಂಗಡಿಯ ತನಕ ಹಾರಿ ಬರುತ್ತಿತ್ತು. ಶೈಲಜಾ ಯಾರದೋ ಲ್ಯಾಪ್‌ಟಾಪಿನ ಫ್ಯಾನಿನಿಂದ ಅದೇ ಧೂಳನ್ನು ಬ್ರಷ್ಷಿನಲ್ಲಿ ಕೊಡವುತ್ತಿದ್ದಳು.

"ರಿಪೇರಿ ಮಾಡೋರು ಎಲ್ಲದಾರ್ರೀ?"

"ನಿಮ್ಮ ಮುಂದ ಕುಂತೀನಿ."

ರೈಸ್ ಮಿಲ್ಲಿನ ಹಂಪೇಶ್ ತಡವರಿಸಿದ. ಟವೆಲಿನಲ್ಲಿ ಕೂಸಿನಂತೆ ಸುತ್ತಿ ತಂದಿದ್ದ ಹಳೆಯ ಲ್ಯಾಪ್‌ಟಾಪನ್ನು ಕೌಂಟರಿನ ಮೇಲಿಟ್ಟ. ಅಕ್ಕಿಯಿಂದ ಕಪ್ಪು ಕಾಳು ಆರಿಸುವ ಅವನ ಯಂತ್ರ ಅದೊಂದರ ಮಾತನ್ನೇ ಕೇಳುತ್ತಿತ್ತು. ಈಗ ಪರದೆಯ ತುಂಬ ಬಣ್ಣದ ಗೆರೆಗಳು.

ಶೈಲಜಾ ಬೇರೊಂದು ಮಾನಿಟರ್ ಜೋಡಿಸಿ ನೋಡಿದಳು. ಅಲ್ಲೂ ಅದೇ ಗೆರೆ.

"ಪರದೆ ಚೊಲೋ ಐತಿ. ಚಿತ್ರ ಮೂಡಿಸೋ ಗ್ರಾಫಿಕ್ಸ್ ಚಿಪ್ ಸಾಯಾಕತ್ತೈತಿ. ಹೊಸದು ತರಿಸಬೇಕು, ಹತ್ತು ದಿನ."

"ಹತ್ತು ದಿನಾ! ಮಿಲ್ ಮುಂದ ಭತ್ತದ ಗಾಡಿ ಸಾಲು ನಿಂತಾವ. ಆ ಚಿಪ್ಪಿಗೆ ಬಿಸಿಗಾಳಿ ಹೊಡದ್ರ ತಾಸಿನ್ಯಾಗ ಸರಿಹೋಗ್ತತಂತಲ್ಲ?"

"ಹೋಗ್ತತಿ. ಎರಡು ಮೂರು ವಾರ ನಡದು ಮತ್ತ ಸಾಯ್ತತಿ. ಆ ಕೆಲಸ ನಾ ಮಾಡಂಗಿಲ್ಲ."

"ಮಾಡಂಗಿಲ್ಲ ಅನಬ್ಯಾಡ್ರಿ, ಬರಂಗಿಲ್ಲ ಅನ್ರಿ!"

ಅಂಗಡಿಯಲ್ಲಿದ್ದ ನಾಲ್ಕು ಮಂದಿ ನಕ್ಕರು. ಚಾರ್ಜರ್ ಕೊಳ್ಳಲು ಬಂದಿದ್ದ ಹೂವಿನ ಸುವರ್ಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಏಳು ವರ್ಷ ಕಣ್ಣು ಸವೆಸಿ ಗಳಿಸಿದ ಹೆಸರು... ಒಂದು ಮಾತಿಗೆ ನಗೆಪಾಟಲು! ಆದರೂ ಶೈಲಜಾ ತಲೆ ತಗ್ಗಿಸಲಿಲ್ಲ.

"ತಗೊಂಡು ನಡೀರಿ."

ಅವನು ಹೋದ. ಆದರೆ ಆ ಟವೆಲು ಅವಳ ಕಣ್ಣಿಂದ ಹೋಗಲಿಲ್ಲ. ಸಂಜೆ ತನ್ನದೇ ದುಡ್ಡು ಹಾಕಿ ಆ ಚಿಪ್ಪಿಗೆ ಆರ್ಡರ್ ಕೊಟ್ಟಳು.

ಹದಿನೆಂಟನೇ ದಿನ ಅದೇ ಟವೆಲು ಬಾಗಿಲಲ್ಲಿ ಕಂಡಿತು.

"ಬ್ಯಾರೆ ಕಡೆ ಬಿಸಿಗಾಳಿ ಹೊಡಿಸಿದ್ದೆ. ನೀವಂದಂಗ ಆತ್ರಿ..."

ಅವಳು ಡ್ರಾಯರಿನಿಂದ ಹೊಸ ಚಿಪ್ ತೆಗೆದಳು. ಹಳೆಯದನ್ನು ಬಿಡಿಸಿ, ಸಾಸಿವೆಗಿಂತ ಸಣ್ಣ ಬೆಸುಗೆ ಗುಂಡುಗಳ ಮೇಲೆ ಹೊಸದನ್ನು ಕೂಡಿಸಿದಳು. ಅವನು ಆ ಬೆರಳುಗಳನ್ನೇ ನೋಡುತ್ತಿದ್ದ. ಪರದೆ ಬೆಳಗಿತು. ಒಂದೂ ಗೆರೆಯಿಲ್ಲ!

ಅವನು ಕೊಟ್ಟ ಹಣ ಎಣಿಸಿಕೊಂಡು ಅವಳೆಂದಳು, "ಇದು ಚಿಪ್ಪಿಂದು. ನಾಲ್ಕು ಮಂದಿ ಮುಂದ ಅಂದ ಮಾತಿಂದು ಬಾಕಿ ಐತಿ."

ಹಂಪೇಶ್ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟುಬಿಟ್ಟ.

'ಅಷ್ಟೇನಾ...' ಅಂದುಕೊಂಡು ಅವಳು ಡ್ರಾಯರ್ ಮುಚ್ಚಿದಳು.

ಮರುದಿನ ಬೆಳಿಗ್ಗೆ ಅಂಗಡಿ ಮುಂದೆ ಗದ್ದಲ. ಅಂದು ನಕ್ಕ ನಾಲ್ವರೂ ಬಂದಿದ್ದರು!

"ಕಟ್ಟತಿದ್ದ ಹೂವಿನ ಮಾಲಿ ಅರ್ಧಕ್ಕ ಬಿಡಿಸಿ ಎಳಕೊಂಡು ಬಂದಾನ ನೋಡವ್ವ, ನಿನ್ನ ಗಿರಾಕಿ!" ಸುವರ್ಣಮ್ಮ ಏದುಸಿರು ಬಿಟ್ಟಳು.

"ಎಲ್ಲಾರೂ ಕೇಳ್ರಿ," ಹಂಪೇಶನ ದನಿ ಬಸ್‌ಸ್ಟ್ಯಾಂಡಿಗೂ ಕೇಳುವಂತಿತ್ತು. "ಇವರಿಗೆ ಕೆಲಸ ಬರ್ತತಿ. ಬರದಿದ್ದದ್ದು ನನಗ, ಮಾತಾಡಾಕ!"

ಶೈಲಜಾಳ ಕುತ್ತಿಗೆ ತಾನಾಗಿ ನೆಟ್ಟಗಾಯಿತು.

"ಇನ್ನೊಂದು ಮಾತೈತಿ. ಮಂದಿ ಮುಂದ ಬರಂಗಿಲ್ಲ..." ಹಂಪೇಶನ ದನಿ ಇಳಿಯಿತು.

"ನಡೀರೋ ಹೊರಗ!" ಸುವರ್ಣಮ್ಮ ಎಲ್ಲರನ್ನೂ ದಬ್ಬಿಕೊಂಡು ಹೋದಳು.

"ಚಿಪ್ ಮೊದಲ ತರಿಸಿಟ್ಟಿದ್ರಿ. ನಾ ಬರ್ತೀನಂತ ಗೊತ್ತಿತ್ತಾ?"

"ಚಿಪ್ಪಿನ ಗುಣ ಗೊತ್ತಿತ್ತು. ನಿಮ್ಮದು ಗೊತ್ತಿರಲಿಲ್ಲ."

"ಈಗ?"

ಅವಳು ಬ್ರಷ್ ಕೈಗೆತ್ತಿಕೊಂಡಳು.

"ಗೆರೆ ಬಂದಾವೇನಂತ ಪರದೆ ನೋಡಿದಾಗೆಲ್ಲ ನೀವ ನೆನಪಾಗ್ತಿದ್ರಿ. ನಮ್ಮವ್ವನ್ನ ಕರಕೊಂಡು ನಿಮ್ಮ ಮನಿಗೆ ಬರಲಾ? ಅವಸರಿಲ್ಲ... ಹತ್ತು ದಿನ ತಗೋರಿ."

ಶೈಲಜಾ ನಕ್ಕಳು.

"ಹತ್ತು ದಿನ ಹೊರಗಿಂದ ತರಿಸೋದಕ್ಕ ರೀ. ಇದು... ಮೊದಲ ಎದಿಯಾಗ ಬಂದು ಕುಂತೈತಿ."