ರಾಣಿಗೊಂದು ಹಿಂಬಾಗಿಲು

"ಬಾಗಿಲು ತೆಗೀರಿ... ಉಸಿರು ಕಟ್ತಿದೆ! ದಯವಿಟ್ಟು!"

ಗೋಡೆಯ ಬಿರುಕಿನಿಂದ ಹೊರಬಂದ ಅವಳ ಕೈ ಕತ್ತಲಲ್ಲಿ ಯಾರದೋ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿತು. ಅವನು ಕಿರುಚಲಿಲ್ಲ. ಮೆಲ್ಲಗೆ ಬಿಡಿಸಿಕೊಂಡ.

"ಅಬ್ಬಾ, ಎಂಥಾ ನಟನೆ!" ಎಂದು ಚಪ್ಪಾಳೆ ತಟ್ಟಿದ. ಜೊತೆಗಿದ್ದ ಇಡೀ ಗುಂಪೂ ಚಪ್ಪಾಳೆ ಹೊಡೆಯಿತು.

ಆದರೆ ಅದು ನಟನೆಯಾಗಿರಲಿಲ್ಲ!

ಹಿಂದೆ ರಾಜನೊಬ್ಬ ಸಂಶಯಪಟ್ಟು ತನ್ನ ರಾಣಿಯನ್ನು ಜೀವಂತವಾಗಿ ಗೋಡೆಯೊಳಗೆ ಹೂಳಿಸಿದ್ದನಂತೆ. ಆ ಕರಾಳ ಕಥೆಯನ್ನು ನಾಟಕ ತಂಡವೊಂದು ಹಳೆಯ ಗೋದಾಮಿನಲ್ಲಿ ಆಡುತ್ತಿತ್ತು. ವೇದಿಕೆಯಿಲ್ಲ, ಕುರ್ಚಿಯಿಲ್ಲ. ಟಿಕೆಟ್ ಕೊಂಡವರು ಕತ್ತಲ ಕೋಣೆಯಿಂದ ಕೋಣೆಗೆ ನಡೆಯುತ್ತ ಹೆದರಬೇಕು, ಅಷ್ಟೇ! ಕೊನೆಯ ಕೋಣೆಯ ಹಲಗೆ ಗೋಡೆಯೊಳಗೆ ನಿಲ್ಲುವ ರಾಣಿ ಅವಳು. ಆರು ವರ್ಷ ಗುಂಪಿನಲ್ಲಿ ಗೋವಿಂದ ಎಂದು ನಿಂತ ಮೇಲೆ ದಕ್ಕಿದ ಮೊದಲ ದೊಡ್ಡ ಪಾತ್ರ.

ಅವತ್ತು ಅವಳ ಹಿಂದಿನ ಬಾಗಿಲ ಚಿಲಕ ಸಿಕ್ಕಿಕೊಂಡಿತ್ತು. ಒದ್ದು ಒದ್ದು ಹೇಗೋ ಹೊರಬಂದಳು. ನಿರ್ದೇಶಕ ಮೇಷ್ಟ್ರಿಗೆ ಮಾತ್ರ ಹೇಳಲಿಲ್ಲ. ಹೇಳಿ, ಪಾತ್ರವೇ ಹೋದರೆ?

ಎರಡು ದಿನ ರಜೆ ಮುಗಿಸಿ ಬಂದರೆ, ಅವಳ ಜಾಗದಲ್ಲಿ ರಬ್ಬರ್ ಕೈಯ ಗೊಂಬೆ!

"ಹೊಸ ಬಡಗಿ ಹಟ ಹಿಡಿದ ಕಣಮ್ಮ. ನಿನ್ನನ್ನ ಒಳಗೆ ಬಿಡಬಾರದಂತೆ," ಎಂದರು ಮೇಷ್ಟ್ರು.

ಅವಳು ದಡದಡನೆ ಬಡಗಿಯ ಕೋಣೆಗೆ ನುಗ್ಗಿದಳು.

"ನನ್ನ ಪಾತ್ರ ಕಿತ್ಕೊಳ್ಳೋಕೆ ನೀವ್ಯಾರ್ರೀ?"

"ಅಯ್ಯೋ! ಹೊಸ ಬಾಗಿಲು ಕೂರಿಸೋವರೆಗೆ ಮಾತ್ರ ಅಂತ ಮೇಷ್ಟ್ರು ಹೇಳ್ಲಿಲ್ವಾ?"

ಆ ದನಿ... ಅವಳ ಎದೆ ಧಸಕ್ಕೆಂದಿತು. ಅವನೇ!

"ಅವತ್ತು ಚಪ್ಪಾಳೆ ಹೊಡೆದಿದ್ದೂ ನೀವೇ ಅಲ್ವಾ? ಸತ್ತೇ ಹೋಗ್ತೀನಿ ಅಂದ್ಕೊಂಡಿದ್ದೆ ನಾನು!"

ಅವನ ಮುಖ ಕಪ್ಪಿಟ್ಟಿತು.

"ನಾನೇ. ಕೆಲಸಕ್ಕೆ ಸೇರೋ ಮುಂಚೆ ನಾಟಕ ನೋಡೋಣ ಅಂತ ಬಂದಿದ್ದೆ. ಮಾರನೇ ದಿನ ಒಳಗೆ ಹೋದ್ರೆ ಹಲಗೆ ತುಂಬಾ ಉಗುರಿನ ಗೀರು... ಅವತ್ತಿಂದ ಅನ್ನ ಸೇರ್ತಿಲ್ಲ ಕಣ್ರೀ. ಬಾಗಿಲು ಈಗಷ್ಟೇ ಕೂರಿಸಿ ಮುಗಿಸ್ದೆ. ಬನ್ನಿ, ಒಂಚೂರು ನೋಡಿ."

ಗೋಡೆಯ ಹಿಂದೆ ಹೊಸ ಬಾಗಿಲು. ಚಿಲಕವೇ ಇರಲಿಲ್ಲ.

"ಒಳಗಿಂದ ಒಂದೇ ಬೆರಳಲ್ಲಿ ತಳ್ಳಿ, ತೆರ್ಕೊಳ್ಳುತ್ತೆ. ನಾನೇ ಒಳಗೆ ನಿಂತು ನಲವತ್ತು ಸಲ ತಳ್ಳಿ ನೋಡಿದ್ದೀನಿ. ಒಂದ್ಸಲ ಗೋಡೆಯಿಂದ ಹೊರಬಂದ ನನ್ನ ಕಂಡು ಮೇಷ್ಟ್ರು ದೆವ್ವ ಅಂತ ಓಟ ಕಿತ್ರು!"

ಸಿಟ್ಟಿನಲ್ಲಿ ಬಂದವಳಿಗೆ ನಗು ತಡೆಯಲಾಗಲಿಲ್ಲ.

'ಅನ್ನ ಕಿತ್ತುಕೊಂಡ ಎಂದು ಶಪಿಸಿದೆನಲ್ಲಾ... ಇವನು ನನ್ನ ಜೀವ ಕಾಯುತ್ತಿದ್ದ!'

ಅವಳು ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಅದೇ ಕತ್ತಲು. ಕಣ್ಣುಮುಚ್ಚಿ ಬೆರಳಿನಿಂದ ತಳ್ಳಿದಳು.

ಬಾಗಿಲು ತೆರೆಯಿತು. ಎದುರಿಗೆ ಅವನು ಉಸಿರು ಬಿಗಿಹಿಡಿದು ನಿಂತಿದ್ದ.

"ಇನ್ಮೇಲೆ ನೀವು ಕೂಗಿದ್ರೆ ನಾಟಕವೋ ನಿಜವೋ ಅಂತ ಯೋಚಿಸಲ್ಲ. ಓಡಿ ಬಂದ್ಬಿಡ್ತೀನಿ," ಎಂದ.

"ದಿನಕ್ಕೆ ಎಂಟು ಸಲ ಕೂಗ್ತೀನಿ ನಾನು!"

"ಎಂಟು ಸಲಾನೂ ಬರ್ತೀನಿ."

"ಮೇಷ್ಟ್ರು ಇಬ್ರನ್ನೂ ಓಡಿಸ್ತಾರೆ!"

"ಒಟ್ಟಿಗೆ ತಾನೇ? ಓಡಿಸ್ಲಿ ಬಿಡಿ."

ಅವಳ ಕೆನ್ನೆ ಕೆಂಪಾಯಿತು.

"ಮತ್ತೆ... ನಾನು ಕೂಗದೇ ಇದ್ದಾಗ?"

"ಆಗಲೂ ಇಲ್ಲೇ ಇರ್ತೀನಿ... ನೀವು 'ಇರು' ಅಂದ್ರೆ."

"ಇರು," ಎಂದಳು.